ಪರದೇಶದ ಸಂಬಳ, ಊರಿನ ಲೆಕ್ಕ

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರುಗಳನ್ನು ರೈಲಿನ ಹಳಿ ಕೂಡಿಸುತ್ತದೆ. ಬೀರೂರು ಜಂಕ್ಷನ್ನು ನಡುವಿನ ಗಂಟು. ಅಲ್ಲಿಂದ ಒಂದು ಹಳಿ ಅಜ್ಜಂಪುರದ ಮೇಲೆ ಹಾಯ್ದು ಹುಬ್ಬಳ್ಳಿಯ ದಾರಿ ಹಿಡಿಯುತ್ತದೆ. ಇನ್ನೊಂದು ತರೀಕೆರೆಯನ್ನು ಮುಟ್ಟಿ ಶಿವಮೊಗ್ಗಕ್ಕೆ ಹೋಗುತ್ತದೆ. ಈ ಸೀಮೆಯ ಜನಕ್ಕೆ ಧಾರಣೆಯೆಂದರೆ ಬಹಳ ಕಾಲ ಮೂರೇ: ಅಡಕೆಯ ಧಾರಣೆ, ಕೊಬ್ಬರಿಯ ಧಾರಣೆ, ಈರುಳ್ಳಿಯ ಧಾರಣೆ. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಡಾಲರಿನ ಧಾರಣೆ. ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳಲ್ಲಿ ಕುಶಲಪ್ರಶ್ನೆ ಮುಗಿಯುತ್ತಲೇ ಬರುವ ಮಾತು ಇದು: "ಈಗ ಡಾಲರಿಗೆ ಎಷ್ಟು ನಡೆಯುತ್ತಿದೆ?" ಅಡಕೆ ಕೊಯ್ಯದವರೂ ಅಡಕೆಯ ಧಾರಣೆ ಕೇಳುವಂತೆ, ಹೊರಗೆ ಯಾರೂ ಇಲ್ಲದವರೂ ಇದನ್ನು ಕೇಳುತ್ತಾರೆ.

ನಾನು ಈ ಸೀಮೆಯಲ್ಲಿ ಹುಟ್ಟಿ ಬೆಂಗಳೂರು ಸೇರಿದವನು. ಪರದೇಶದಲ್ಲಿ ಗಳಿಸಿದ್ದನ್ನು ಎಲ್ಲಿ ಇಡಬೇಕು, ಯಾವಾಗ ತರಿಸಬೇಕು, ಯಾವ ನಾಣ್ಯದಲ್ಲಿ ಎಣಿಸಬೇಕು ಎಂಬ ಪ್ರಶ್ನೆ ತಮ್ಮ ಕಾಲದ ಹೊಸ ಪ್ರಶ್ನೆಯೆಂದು ನಮ್ಮ ಹುಡುಗರು ತಿಳಿದಿದ್ದಾರೆ. ಅದು ಹಾಗಲ್ಲ. ಇದರಿಂದ ನಮ್ಮ ಜಿಲ್ಲೆಯಲ್ಲಿ ಮೊದಲು ನಿದ್ದೆಗೆಟ್ಟವರು ನಾವೂ ಅಲ್ಲ. ಪರದೇಶದಿಂದ ಇಲ್ಲಿಗೆ ಬಂದು ಗಳಿಸುತ್ತಿದ್ದವರು. ಆ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳುವುದು ಲೇಸು.

ಒಂದು ಕಾಲಕ್ಕೆ ಪರದೇಶವೆಂದರೆ ಸಮುದ್ರದಾಚೆಯೇ ಆಗಬೇಕಿರಲಿಲ್ಲ. ನಾಲ್ಕು ದಿನದ ಗಾಡಿಯ ಹಾದಿಯೂ ಪರದೇಶವೇ. ಇಕ್ಕೇರಿಯ ವರಹ ಒಂದು, ಮದರಾಸಿನ ವರಹ ಇನ್ನೊಂದು, ಮೈಸೂರಿನ ಕಂಠೀರಾಯಿ ಹಣ ಮತ್ತೊಂದು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ ಆ ಪುಟ್ಟ ಚಿನ್ನದ ಹಣ ಹತ್ತು ಸೇರಿದರೆ ಒಂದು ಕಂಠೀರಾಯಿ ವರಹ. ವಿನೋದವೆಂದರೆ ಈ ವರಹ ಕಡತದಲ್ಲಿ ಮಾತ್ರ ಇತ್ತು. ಲೆಕ್ಕ ಅದರಲ್ಲಿ, ಕೊಡುವುದು ತೆಗೆದುಕೊಳ್ಳುವುದು ಬೇರೆ ನಾಣ್ಯದಲ್ಲಿ. ನಡುವೆ ಶರಾಫನೋ ಚಿನಿವಾರನೋ ಕುಳಿತು ನಾಣ್ಯವನ್ನು ತಿಕ್ಕಿ ತೂಗಿ ವಟ್ಟ ಮುರಿದುಕೊಳ್ಳುತ್ತಿದ್ದ. ಅರಮನೆಗೂ ಈ ಗೋಳು ತಪ್ಪಿದ್ದಲ್ಲ. 1799ರ ಒಪ್ಪಂದದಂತೆ ಮೈಸೂರು ಕಂಪನಿಗೆ ಕೊಡಬೇಕಾದ ವರ್ಷದ ಪೊಗದಿ 7 ಲಕ್ಷ ವರಹವೆಂದು ಗೊತ್ತಾಯಿತು. ಯಾವ ವರಹ? ಮೈಸೂರಿನ ಲೆಕ್ಕದ ವರಹವಲ್ಲ, ಮದರಾಸಿನ ನಕ್ಷತ್ರ ವರಹ. ರೂಪಾಯಿಯಲ್ಲಿ ಹೇಳಿದರೆ ಇಪ್ಪತ್ತನಾಲ್ಕೂವರೆ ಲಕ್ಷ. ಸಾಲಗಾರನ ನಾಣ್ಯ ಒಂದು, ಸಾಹುಕಾರನ ನಾಣ್ಯ ಇನ್ನೊಂದು ಆದಾಗ ಲೆಕ್ಕ ಯಾರ ನಾಣ್ಯದಲ್ಲಿ ನಡೆಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

1835ರಲ್ಲಿ ಕಂಪನಿಯ ಬೆಳ್ಳಿ ರೂಪಾಯಿ ಇಂಡಿಯಾಕ್ಕೆಲ್ಲ ಒಂದೇ ಆಯಿತು. 1843ರಲ್ಲಿ ಬೆಂಗಳೂರಿನ ಟಂಕಸಾಲೆ ಮುಚ್ಚಿತು. ಊರೂರಿನ ವಟ್ಟ ಹೋಯಿತು. ಆದರೆ ಅದು ಹೋದದ್ದು ಊರೂರಿನ ನಡುವಿನಿಂದ ಮಾತ್ರ. ದೇಶದೇಶಗಳ ನಡುವೆ ಹೋಗಿ ಕುಳಿತುಕೊಂಡಿತು.

ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರ ವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಬಾಬಾಬುಡನ್ ಗಿರಿಯ ಸುತ್ತಿನ ಕಾಡನ್ನು ಕಡಿದು ಕಾಫಿ ಇಟ್ಟ ಇಂಗ್ಲಿಷ್ ಪ್ಲಾಂಟರುಗಳು, ಸರ್ಕಾರದ ಹುದ್ದೆಗಳಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು, ಇವರೇ ನಮ್ಮ ಸೀಮೆ ಕಂಡ ಮೊದಲ 'ಅನಿವಾಸಿಗಳು'. ಇವರ ದುಡಿಮೆ ಇಲ್ಲಿ, ಮನೆ ಅಲ್ಲಿ. ಮಕ್ಕಳ ಶಾಲೆಯ ಫೀಸು, ಮುದಿ ತಾಯಿಗೆ ಕಳಿಸುವ ಹಣ, ಮುಂದೆ ಊರಿಗೆ ಹೋಗಿ ನೆಲೆಸಲು ಕೊಳ್ಳಬೇಕಾದ ಮನೆ, ಎಲ್ಲವೂ ಪೌಂಡಿನಲ್ಲಿ. ಸಂಬಂಧಗಳ ಹೆಸರನ್ನು ಬದಲಾಯಿಸಿದರೆ ನಮ್ಮ ಇಂದಿನ ಮನೆಗಳ ಕಥೆಯೇ ಇದು.

1870ರ ದಶಕದ ಆರಂಭದಲ್ಲಿ ಒಂದು ರೂಪಾಯಿಗೆ ಹೆಚ್ಚುಕಡಿಮೆ ಎರಡು ಷಿಲ್ಲಿಂಗು. ಅಂದರೆ ಪೌಂಡಿಗೆ ಹತ್ತು ರೂಪಾಯಿ. ಆಮೇಲೆ ಜರ್ಮನಿ ಬೆಳ್ಳಿಯನ್ನು ಬಿಟ್ಟು ಚಿನ್ನದ ನಾಣ್ಯಕ್ಕೆ ಹೋಯಿತು. ಅಮೆರಿಕದ ಹೊಸ ಗಣಿಗಳಿಂದ ಬೆಳ್ಳಿ ಪ್ರವಾಹದಂತೆ ಹರಿದು ಬಂತು. ಬೆಳ್ಳಿಯ ಬೆಲೆ ಕುಸಿಯಿತು. ಅದರ ಜೊತೆಗೆ ಬೆಳ್ಳಿಯ ರೂಪಾಯಿಯೂ ಕುಸಿಯಿತು. 1894ರ ಸುಮಾರಿಗೆ ರೂಪಾಯಿಗೆ ಹದಿಮೂರು ಪೆನ್ಸು. ಪೌಂಡಿಗೆ ಹದಿನೆಂಟು ರೂಪಾಯಿ ದಾಟಿತು. ಯಾವುದೋ ದೇಶದ ಖಜಾನೆಯಲ್ಲಿ ಕೈಗೊಂಡ ನಿರ್ಣಯ, ಯಾವುದೋ ಖಂಡದ ಗಣಿಯಲ್ಲಿ ಬಿದ್ದ ಗುದ್ದಲಿ ಏಟು, ಇವುಗಳ ಪರಿಣಾಮ ಚಂದ್ರದ್ರೋಣ ಪರ್ವತದ ಬುಡಕ್ಕೆ ಬಂದು ಮುಟ್ಟಿತು.

ಮುಟ್ಟಿದ್ದೇನೋ ನಿಜ, ಎಲ್ಲರಿಗೂ ಒಂದೇ ರೀತಿಯಲ್ಲಿ ಅಲ್ಲ. ಇಲ್ಲಿ ವಾಚಕರು ಸ್ವಲ್ಪ ನಿಂತು ನೋಡಬೇಕು. ಸಾವಿರ ರೂಪಾಯಿಯನ್ನು ಊರಿಗೆ ಕಳಿಸುವ ಅಧಿಕಾರಿ ಮೊದಲು ನೂರು ಪೌಂಡು ಕಳಿಸುತ್ತಿದ್ದ. ಈಗ ಅದೇ ಸಾವಿರಕ್ಕೆ ಐವತ್ತೈದು ಪೌಂಡು. ಅವನ ಸಂಬಳ ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಆದರೂ ಅರ್ಧಕ್ಕೆ ಅರ್ಧ ಕರಗಿಹೋಗಿತ್ತು. ಪಕ್ಕದ ತೋಟದ ಪ್ಲಾಂಟರಿನ ಮಾತು ಇದಕ್ಕೆ ತಿರುವುಮುರುವು. ಅವನ ಕಾಫಿ ಲಂಡನ್ನಿನಲ್ಲಿ ಪೌಂಡಿಗೆ ಮಾರಾಟವಾಗುತ್ತದೆ. ಕೂಲಿ ಕೊಡುವುದು ರೂಪಾಯಿಯಲ್ಲಿ. ಲಂಡನ್ನಿನ ಧಾರಣೆ ಅಷ್ಟೇ ಇದ್ದರೂ ನೂರು ಪೌಂಡಿನ ಕಾಫಿಗೆ ಮೊದಲು ಸಾವಿರ ರೂಪಾಯಿ ಬರುತ್ತಿದ್ದಲ್ಲಿ ಈಗ ಸಾವಿರದ ಎಂಟು ನೂರು. ಇಬ್ಬರೂ ಒಂದೇ ದೇಶದವರು, ಒಂದೇ ಜಿಲ್ಲೆಯಲ್ಲಿ ದುಡಿಯುವವರು; ಒಂದೇ ಸುದ್ದಿ ಒಬ್ಬನಿಗೆ ಶೋಕ, ಇನ್ನೊಬ್ಬನಿಗೆ ಹಬ್ಬ.

1893ರ ಜೂನ್ 26ರಂದು ಸರ್ಕಾರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಹಾಕಿತು. ತನ್ನ ಯುರೋಪಿಯನ್ ಅಧಿಕಾರಿಗಳಿಗೆ ವಿನಿಮಯದ ನಷ್ಟಕ್ಕೆಂದು ಭತ್ಯವನ್ನೂ ಕೊಟ್ಟಿತು. ರೂಪಾಯಿ ಮೆಲ್ಲಗೆ ಮೇಲೆ ಬಂದು, ಶತಮಾನ ಮುಗಿಯುವ ಹೊತ್ತಿಗೆ ಪೌಂಡಿಗೆ ಹದಿನೈದು ಎಂದು ನಿಂತಿತು. ಅಧಿಕಾರಿ ನಿಟ್ಟುಸಿರುಬಿಟ್ಟ, ಪ್ಲಾಂಟರು ಹಲ್ಲು ಕಡಿದ. ಪಕ್ಕದ ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಎಂಬವನು 1894ರಲ್ಲಿ ತನ್ನ ಮೂವತ್ತೆಂಟು ವರ್ಷದ ಅನುಭವವನ್ನು ಪುಸ್ತಕ ಮಾಡಿದ. ಚಿನ್ನದ ಗಣಿ, ಬೇಟೆ, ಕಾಫಿ ಇಷ್ಟೂ ಇರುವ ಆ ಪುಸ್ತಕದಲ್ಲಿ ಬೆಳ್ಳಿಯ ಪ್ರಶ್ನೆಯ ಮೇಲೂ ಒಂದು ಅಧ್ಯಾಯವಿದೆ. ಹುಲಿ ಬೇಟೆಯ ಪಕ್ಕದಲ್ಲಿ ನಾಣ್ಯಶಾಸ್ತ್ರಕ್ಕೇನು ಕೆಲಸ ಎಂದು ಈಗಿನ ಓದುಗನಿಗೆ ಅನ್ನಿಸಬಹುದು. ಅಂದಿನ ಪ್ಲಾಂಟರಿಗೆ ಹುಲಿಗಿಂತ ವಿನಿಮಯದ ದರವೇ ದಿನನಿತ್ಯದ ಭಯ.

ಅದೇ ತೋಟಗಳಿಗೆ ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬರುತ್ತಿದ್ದ ಕೂಲಿಗಳೂ ಒಂದರ್ಥದಲ್ಲಿ ಪರಸ್ಥಳದಲ್ಲಿ ಗಳಿಸುವವರೇ. ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಸಿಕ್ಕಿ ಬಂದವರ ಕಷ್ಟ ಸಣ್ಣದಲ್ಲ. ಆದರೆ ಅವರದು ದೂರದ ತೊಂದರೆ, ನಾಣ್ಯದ ತೊಂದರೆಯಲ್ಲ. ಅಂಚೆಯ ಇಲಾಖೆ 1880ರಲ್ಲಿ ಮನಿಯಾರ್ಡರನ್ನು ಕೈಗೆತ್ತಿಕೊಂಡ ಮೇಲೆ ಇಲ್ಲಿ ಕಟ್ಟಿದ ಐದು ರೂಪಾಯಿ ಅಲ್ಲಿಯೂ ಐದೇ ರೂಪಾಯಿಯಾಗಿ ಕೈಸೇರುವಂತಾಯಿತು. ಈ ಸೌಕರ್ಯದ ಬೆಲೆ ನಮಗೆ ತಿಳಿದದ್ದು ನಮ್ಮವರು ಸಮುದ್ರ ದಾಟಿದಾಗ.

ನಮ್ಮವರು ದಾಟಿದ್ದು ಬಾಗಿಲುಗಳು ಭದ್ರವಾಗುತ್ತಿದ್ದ ಕಾಲದಲ್ಲಿ. ಯುದ್ಧ ಬಂದೊಡನೆ, 1939ರ ಸೆಪ್ಟೆಂಬರಿನಲ್ಲಿ, ವಿದೇಶದ ಹಣದ ಮೇಲೆ ಹತೋಟಿ ಬಂತು. ಯುದ್ಧ ಮುಗಿದರೂ ಹತೋಟಿ ಹೋಗಲಿಲ್ಲ, 1947ರಲ್ಲಿ ಕಾಯಿದೆಯಾಗಿ ನಿಂತಿತು. ದೇಶದಲ್ಲಿ ವಿದೇಶಿ ನಾಣ್ಯದ ಬರ. ಕಾರ್ಖಾನೆಯ ಯಂತ್ರಕ್ಕೆ, ಬರಗಾಲದ ಗೋಧಿಗೆ ಬೇಕಾದ ಹಣ ಅದು. ಅರವತ್ತರ ದಶಕದಲ್ಲಿ ಎಂಟು ಡಾಲರು ಜೇಬಿನಲ್ಲಿಟ್ಟುಕೊಂಡು ಅಮೆರಿಕಕ್ಕೆ ಹೊರಟವರ ಕಥೆಯನ್ನು ಆ ತಲೆಮಾರಿನವರು ಇಂದಿಗೂ ಹೇಳುತ್ತಾರೆ. ಹೋಗುವಾಗ ಒಯ್ಯಲು ಇಲ್ಲ. ಗಳಿಸಿದ ಮೇಲೆ ಕಳಿಸಬೇಕು. ಇಂಗ್ಲೆಂಡಿಗೆ ಹೋದ ಡಾಕ್ಟರುಗಳು, ಅಮೆರಿಕಕ್ಕೆ ಹೋದ ಇಂಜಿನಿಯರುಗಳು ಕಳಿಸಿದರು.

ಅಜ್ಜಂಪುರದ ಕಡೆಯ ಒಂದು ಮನೆಯ ಲೆಕ್ಕದ ಪುಸ್ತಕವನ್ನು ನಾನು ನೋಡಿದ್ದೇನೆ. ಮಗ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ತಂದೆ ತೋಟದ ಮೇಲೆ ಸಾಲ ಮಾಡಿ ಓದಿಸಿದವರು. ತಿಂಗಳಿಗೆ ಹತ್ತು ಪೌಂಡು ಬರುತ್ತಿತ್ತು. ತಂದೆ ಬರೆದಿಟ್ಟದ್ದು ರೂಪಾಯಿಯನ್ನು ಮಾತ್ರ. 1927ರಿಂದ ರೂಪಾಯಿಗೆ ಒಂದು ಷಿಲ್ಲಿಂಗು ಆರು ಪೆನ್ಸು ಎಂದು ಗೊತ್ತಾಗಿದ್ದುದರಿಂದ ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ. ಪುಸ್ತಕದಲ್ಲಿ ತಿಂಗಳು ತಿಂಗಳೂ ನೂರ ಮೂವತ್ತರ ಮೇಲೆ ಕೆಲವು ರೂಪಾಯಿ. 1966ರ ಜೂನ್ 6ರಂದು ಸರ್ಕಾರ ರೂಪಾಯಿಯ ಬೆಲೆಯನ್ನು ಇಳಿಸಿತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಏಳೂವರೆಯಾಯಿತು, ಪೌಂಡಿಗೆ ಇಪ್ಪತ್ತೊಂದು. ಪುಸ್ತಕದಲ್ಲಿ ನೂರ ಮೂವತ್ತು ಹಾರಿ ಇನ್ನೂರ ಹತ್ತರ ಹತ್ತಿರಕ್ಕೆ ಹೋಯಿತು. ಮಗನಿಗೆ ಬಡ್ತಿಯಾಯಿತೆಂದು ಬಂಧುಗಳು ಮಾತಾಡಿಕೊಂಡರು. 1967ರ ನವೆಂಬರಿನಲ್ಲಿ ಇಂಗ್ಲೆಂಡು ತನ್ನ ಪೌಂಡಿನ ಬೆಲೆಯನ್ನು ತಾನು ಇಳಿಸಿಕೊಂಡಿತು. ರೂಪಾಯಿ ಅದರ ಜೊತೆಗೆ ಇಳಿಯಲಿಲ್ಲ. ಪೌಂಡಿಗೆ ಹದಿನೆಂಟಾಯಿತು, ಪುಸ್ತಕದಲ್ಲಿ ಇನ್ನೂರ ಹತ್ತು ನೂರ ಎಂಬತ್ತಕ್ಕೆ ಬಂತು. ಮದುವೆಯಾದ ಮೇಲೆ ಹುಡುಗ ಕೈ ಬಿಗಿಹಿಡಿದನೆಂದು ಅದೇ ಬಂಧುಗಳು ಅಂದರು. ಮಗ ಮೊದಲು ಕಳಿಸಿದ್ದು, ನಡುವೆ ಕಳಿಸಿದ್ದು, ಕೊನೆಗೆ ಕಳಿಸಿದ್ದು, ಎಲ್ಲವೂ ಹತ್ತೇ ಪೌಂಡು.

ಈ ಪುಟ್ಟ ಪುಸ್ತಕದಿಂದ ನಾನು ಕಲಿತದ್ದು ಬಹಳ. ಹಣ ಎರಡು ನಾಣ್ಯಗಳಲ್ಲಿ ಬದುಕುವಾಗ ಅದರ ಲೆಕ್ಕವನ್ನೂ ಎರಡು ಅಂಕಣಗಳಲ್ಲಿ ಬರೆಯಬೇಕು. ಒಂದೇ ಅಂಕಣದಲ್ಲಿ ಬರೆದರೆ ಕೆಡುವುದು ಲೆಕ್ಕವಷ್ಟೇ ಅಲ್ಲ, ಸಂಬಂಧವೂ ಕೆಡುತ್ತದೆ. ಕಳಿಸುವವನು ತನ್ನ ತ್ಯಾಗವನ್ನು ಪೌಂಡಿನಲ್ಲಿ ಅಳೆಯುತ್ತಾನೆ; ಪಡೆಯುವವರು ಅವನ ಪ್ರೀತಿಯನ್ನು ರೂಪಾಯಿಯಲ್ಲಿ ಅಳೆಯುತ್ತಾರೆ. ನಡುವಿನ ದರವನ್ನು ಗೊತ್ತುಮಾಡುವವರು ಇಬ್ಬರಿಗೂ ಸಂಬಂಧಪಡದ ಮಂತ್ರಿಗಳು. ಆ ಮನೆಯ ತೋಟದ ಸಾಲ ಮಾತ್ರ ರೂಪಾಯಿಯ ಸಾಲ. ಆ ಹದಿನೇಳು ತಿಂಗಳ ಹೆಚ್ಚಿನ ಹಣ ಸಾಲಕ್ಕೆ ಹೋದದ್ದರಿಂದ ತೋಟ ಉಳಿಯಿತು. ತಂದೆಗೆ ವಿನಿಮಯಶಾಸ್ತ್ರ ತಿಳಿದಿರಲಿಲ್ಲ. ಬಂದ ಹೆಚ್ಚಳ ನಾಳೆ ಇರಲಿಕ್ಕಿಲ್ಲವೆಂಬ ರೈತನ ಬುದ್ಧಿ ಇತ್ತು. ಅಡಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಸಾಲ ತೀರಿಸಬೇಕೆಂಬುದನ್ನು ಅವರು ಎಂದೋ ಬಲ್ಲವರು.

ಕೊಲ್ಲಿಯ ದೇಶಗಳ ಕಥೆ ಇನ್ನೂ ವಿಚಿತ್ರ. ಕುವೈತು, ಬಹರೇನು, ಕತಾರು, ದುಬೈ, ಇಲ್ಲೆಲ್ಲ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಆ ದಾರಿಯಿಂದ ಚಿನ್ನ ಕಳ್ಳತನದಲ್ಲಿ ಒಳಬಂದು ರೂಪಾಯಿ ಹೊರಗೆ ಹೋಗುತ್ತಿದ್ದುದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರದೇಶಕ್ಕೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಕುವೈತು 1961ರಲ್ಲಿ, ಬಹರೇನು 1965ರಲ್ಲಿ ತಮ್ಮದೇ ದಿನಾರನ್ನು ಮಾಡಿಕೊಂಡವು. ಕತಾರು, ದುಬೈಗಳು ರೂಪಾಯಿಯಲ್ಲೇ ಉಳಿದಿದ್ದವು. 1966ರ ಜೂನ್ ಅವುಗಳ ತಲೆಯ ಮೇಲೂ ಬಿತ್ತು. ಹಿಂದಿನ ದಿನ ಎಪ್ಪತ್ತೈದು ಪೌಂಡು ಬಾಳುತ್ತಿದ್ದ ಸಾವಿರ ರೂಪಾಯಿ ಮಾರನೆಯ ದಿನ ನಲವತ್ತೇಳು ಪೌಂಡಿಗೆ ಸ್ವಲ್ಪ ಮೇಲೆ. ಆ ದೇಶಗಳೂ ರೂಪಾಯಿಗೆ ಕೈ ಮುಗಿದವು. ಇಲ್ಲಿಯೂ ಹಳೆಯ ನ್ಯಾಯವೇ. ದುಬೈಯಲ್ಲಿ ರೂಪಾಯಿ ಸಂಬಳ ಪಡೆದು ಉಡುಪಿಗೋ ಭಟ್ಕಳಕ್ಕೋ ಕಳಿಸುವವನಿಗೆ ಸಾವಿರ ಸಾವಿರವೇ. ಕುವೈತಿನಲ್ಲಿ ದಿನಾರು ಪಡೆಯುವವನ ಮನೆಗೆ ಅಷ್ಟೇ ದಿನಾರಿಗೆ ಒಂದೂವರೆಯಷ್ಟು ಹಣ.

ಹೊರಗಿನ ನಮ್ಮವರ ಹಣ ದೇಶಕ್ಕೆ ಬೇಕೆಂಬುದು ಸರ್ಕಾರಕ್ಕೆ ತಿಳಿದಾಗ ಆಮಿಷಗಳು ಹುಟ್ಟಿದವು. 1970ರಲ್ಲಿ ಅನಿವಾಸಿಗಳಿಗಾಗಿ ರೂಪಾಯಿಯ ಖಾತೆ, ಅಂದರೆ ಎನ್.ಆರ್.ಇ. ಖಾತೆ ಬಂತು, 1975ರಲ್ಲಿ ಪೌಂಡಿನಲ್ಲೋ ಡಾಲರಿನಲ್ಲೋ ಇಟ್ಟು ಅದರಲ್ಲೇ ಮರಳಿ ಪಡೆಯುವ ಎಫ್.ಸಿ.ಎನ್.ಆರ್. ಠೇವಣಿ ಬಂತು. ಇವೆರಡರ ಭೇದವನ್ನು ಒಂದು ಮಾತಿನಲ್ಲಿ ಹೇಳಬಹುದು: ರೂಪಾಯಿ ಬಿದ್ದರೆ ನಷ್ಟ ಯಾರದು? ಮೊದಲನೆಯದರಲ್ಲಿ ಇಟ್ಟವನದು, ಎರಡನೆಯದರಲ್ಲಿ ಅಲ್ಲ. ಆಗ ಆ ನಷ್ಟವನ್ನು ಹೊತ್ತದ್ದು ರಿಸರ್ವ್ ಬ್ಯಾಂಕು. ಹೊರೆ ಎಷ್ಟು ಭಾರವೆಂಬುದು 1991ರಲ್ಲಿ ಗೊತ್ತಾಯಿತು. ಕೊಲ್ಲಿಯಲ್ಲಿ ಯುದ್ಧ, ದೇಶದ ಬೊಕ್ಕಸದಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ಹಣ. ಅನಿವಾಸಿಗಳು ಠೇವಣಿಯನ್ನು ತೆಗೆಯಲಾರಂಭಿಸಿದರು. ಮನೆಯ ಒಡವೆ ಗಿರವಿ ಇಡುವಂತೆ ದೇಶ 47 ಟನ್ ಚಿನ್ನವನ್ನು ಹೊರಗೆ ಕಳಿಸಿ ಸಾಲ ತಂದಿತು. ಜುಲೈ ಮೊದಲ ವಾರದಲ್ಲಿ ಎರಡು ಸಲ ರೂಪಾಯಿಯನ್ನು ಇಳಿಸಿತು. ಡಾಲರು ಸುಮಾರು ಇಪ್ಪತ್ತೊಂದರಿಂದ ಇಪ್ಪತ್ತಾರರ ಆಸುಪಾಸಿಗೆ ಬಂತು. 1993ರಲ್ಲಿ ಹೊಸ ಠೇವಣಿಗಳ ವಿನಿಮಯದ ಹೊರೆಯನ್ನು ಬ್ಯಾಂಕುಗಳ ಹೆಗಲಿಗೆ ದಾಟಿಸಲಾಯಿತು. ಯಾರೋ ಹೊರಲೇಬೇಕಾದ ಹೊರೆ ಅದು, ಮಾಯವಾಗುವಂಥದಲ್ಲ.

ಹೀಗೆ ಹೊರೆಯನ್ನು ತಪ್ಪಿಸಿಕೊಳ್ಳಲು ಹುಂಡಿಯ ಹಾದಿ ಹಿಡಿದವರೂ ಇದ್ದರು. ಹುಂಡಿಯೇನೋ ಒಂದು ಕಾಲಕ್ಕೆ ಮರ್ಯಾದಸ್ಥ ವರ್ತಕರ ಸಾಧನ. ಬರೆದವನ ಮಾತೇ ಅದರ ಬಂಡವಾಳ. ಹತೋಟಿಯ ಕಾಲದಲ್ಲಿ ಅದು ಬ್ಯಾಂಕಿಗಿಂತ ಹೆಚ್ಚಿನ ದರ ಕೊಡುವ ಕಳ್ಳದಾರಿಯಾಯಿತು. ಹಣ ಬೇಗ ಬರುತ್ತಿತ್ತು, ಬಂದದ್ದಕ್ಕೆ ಕಾಗದವಿರುತ್ತಿರಲಿಲ್ಲ. ಮುಂದೆ ನಿವೇಶನ ಕೊಳ್ಳುವಾಗ ಈ ಹಣ ಎಲ್ಲಿಯದೆಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ. 1973ರ ಕಾಯಿದೆಯಲ್ಲಿ ಇದು ಸೆರೆಮನೆಗೆ ಒಯ್ಯಬಹುದಾದ ಅಪರಾಧ. 2000ದ ಜೂನಿನಿಂದ ಜಾರಿಗೆ ಬಂದ ಹೊಸ ಕಾಯಿದೆಯ ಹೆಸರಿನಲ್ಲಿ 'ನಿಯಂತ್ರಣ' ಹೋಗಿ 'ನಿರ್ವಹಣೆ' ಕುಳಿತಿತು. ತಪ್ಪಿಗೆ ಸಾಮಾನ್ಯವಾಗಿ ದಂಡ, ಸೆರೆಯಲ್ಲ. ಶಬ್ದ ಬದಲಾದದ್ದು ಸಣ್ಣ ಸಂಗತಿಯಲ್ಲ. ಹತೋಟಿ ಸರ್ಕಾರದ ಕೆಲಸ. ನಿರ್ವಹಣೆಯಲ್ಲಿ ಗಳಿಸಿದವನ ಪಾಲೂ ಇದೆ.

ಆ ಪಾಲನ್ನು ಹೇಗೆ ನಡೆಸಬೇಕೆಂಬುದಕ್ಕೆ ಹೋಲಿಕೆಯನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಿಲ್ಲ. ಅಜ್ಜಂಪುರ ಅಮೃತಮಹಲ್ ದನಗಳ ಊರು. ಆ ದನಗಳಿಗೆ ಅರಸರು ಬಿಟ್ಟ ಕಾವಲುಗಳಲ್ಲಿ ಮೂರು ಬಗೆ: ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು. ಹಿಂಡು ಒಂದೇ, ಮೇಯುವ ನೆಲ ಕಾಲಕ್ಕೆ ತಕ್ಕಂತೆ ಬೇರೆ. ಬೇಸಿಗೆಯ ಹುಲ್ಲನ್ನು ಮಳೆಗಾಲದಲ್ಲೇ ಮೇಯಿಸಿಬಿಟ್ಟರೆ ಬೇಸಿಗೆಯಲ್ಲಿ ದನ ಸಾಯುತ್ತದೆ. ಪರದೇಶದ ಹಣಕ್ಕೂ ಇಂಥ ಮೂರು ಕಾವಲು ಬೇಕು. ಊರಿನ ಇಂದಿನ ಖರ್ಚು, ಸಾಲ, ತಂದೆತಾಯಿಯ ಔಷಧ, ಇವು ರೂಪಾಯಿಯ ಬಾಧ್ಯತೆಗಳು. ಇದಕ್ಕೆ ರೂಪಾಯಿಯ ಖಾತೆ ಸಾಕು, ದರ ಏರಲೆಂದು ಕಾಯುತ್ತ ಕೂಡುವುದು ತರವಲ್ಲ. ಮಗಳ ಅಲ್ಲಿಯ ಕಾಲೇಜಿನ ಫೀಸು ಡಾಲರಿನ ಬಾಧ್ಯತೆ; ಅದು ಡಾಲರಿನಲ್ಲೇ ಇರಬೇಕು. ಊರಿನಲ್ಲೇ ಹುಟ್ಟುವ ಆದಾಯ, ಮನೆಯ ಬಾಡಿಗೆ, ತೋಟದ ಉತ್ಪತ್ತಿ, ಇವು ಎನ್.ಆರ್.ಒ. ಎಂಬ ಮೂರನೆಯ ಕಾವಲಿಗೆ ಸೇರಿದವು. ಹೊರಗಿನಿಂದ ಬಂದದ್ದರ ಜೊತೆಗೆ ಬೆರೆಸದಿರುವುದು ಲೇಸು.

ನಮ್ಮ ಸೀಮೆಯವರು ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನೊಂದಿದೆ. ಕೈಯಲ್ಲಿ ಡಾಲರು ಬಂದೊಡನೆ ಮಗನಿಗೆ ಮೊದಲು ತೋಚುವುದು ಪಕ್ಕದ ತೆಂಗಿನ ತೋಟ. ಅನಿವಾಸಿಯಾಗಿರುವಷ್ಟು ಕಾಲ ಅವನು ಮನೆ ಕೊಳ್ಳಬಹುದು, ನಿವೇಶನ ಕೊಳ್ಳಬಹುದು. ಕೃಷಿ ಭೂಮಿಯನ್ನು, ತೋಟವನ್ನು ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಪಡೆಯಬಹುದು. ಆದ್ದರಿಂದ ಹಣ ಅವನದು, ಪತ್ರ ತಮ್ಮನ ಹೆಸರಿನಲ್ಲಿ ಎಂಬ ಏರ್ಪಾಡು ಹಲವು ಮನೆಗಳಲ್ಲಿ ನಡೆಯುತ್ತದೆ. ಇಪ್ಪತ್ತು ವರ್ಷದ ಮೇಲೆ ತರೀಕೆರೆಯ ಕೋರ್ಟಿನ ಮೆಟ್ಟಿಲನ್ನೂ ಹತ್ತಿಸುತ್ತದೆ. ತಮ್ಮ ಕೆಟ್ಟವನೆಂದಲ್ಲ. ಇಪ್ಪತ್ತು ವರ್ಷ ನೀರು ಹಾಯಿಸಿದವನಿಗೆ ತೋಟ ತನ್ನದೆನ್ನಿಸುವುದು ಸಹಜ. ಇಪ್ಪತ್ತು ವರ್ಷ ಹಣ ಕಳಿಸಿದವನಿಗೂ ಹಾಗೆನ್ನಿಸುವುದು ಅಷ್ಟೇ ಸಹಜ.

ಮರಳಿ ಬರುವವರಿಗೆ ಈಗಿನ ಕಾಯಿದೆ ಒಂದು ಔದಾರ್ಯವನ್ನು ತೋರಿದೆ. ಹೊರಗೆ ವಾಸವಾಗಿದ್ದಾಗ ನ್ಯಾಯವಾಗಿ ಗಳಿಸಿ ಹೊರಗೇ ಇಟ್ಟದ್ದನ್ನು, ಇಲ್ಲಿಗೆ ಬಂದು ನೆಲೆಸಿದ ಮೇಲೂ ಹೊರಗೇ ಇಟ್ಟುಕೊಳ್ಳಬಹುದು. ತಂದರೆ ವಿದೇಶಿ ನಾಣ್ಯದಲ್ಲೇ ಇಡಲು ನಿವಾಸಿಗಳ ಖಾತೆಯೊಂದು ಉಂಟು. ತೆರಿಗೆಯ ನಿಯಮದಂತೆ ವರದಿಯಲ್ಲಿ ಅದನ್ನು ಹೇಳಬೇಕಾಗುತ್ತದೆ. ಅನಿವಾಸಿಯಾಗಿದ್ದಾಗಿನ ಹಳೆಯ ಖಾತೆಗಳನ್ನು ಮಾತ್ರ ಬ್ಯಾಂಕಿಗೆ ತಿಳಿಸಿ ಬದಲಾಯಿಸಿಕೊಳ್ಳಬೇಕು. ಮೈಸೂರು ಬ್ಯಾಂಕಿನ ಹಳೆಯ ಪಾಸು ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಮರೆತವರು ಬಹಳ. ಆ ಬ್ಯಾಂಕೇ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗಿದೆ.

ಪೌಂಡಿಗೆ ಹತ್ತು, ಹದಿನೆಂಟು, ಹದಿನೈದು, ಹದಿಮೂರು, ಇಪ್ಪತ್ತೊಂದು, ಮತ್ತೆ ಹದಿನೆಂಟು: ನೂರು ವರ್ಷದೊಳಗೆ ರೂಪಾಯಿ ಹತ್ತಿಳಿದ ಮೆಟ್ಟಿಲು ಇವು. ಮುಂದಿನ ಮೆಟ್ಟಿಲು ಯಾವುದೆಂದು ಯಾವ ಮನೆಯವರೂ ಮೊದಲೇ ಹೇಳಲಾರದೆ ಹೋದರು; ಈಗಿನವರೂ ಹೇಳಲಾರರು. ಹೇಳಬಲ್ಲದ್ದು ಮನೆಯ ಮಾತು ಮಾತ್ರ: ಈ ಹಣ ಯಾವ ಊರಿನಲ್ಲಿ, ಯಾವ ಕೆಲಸಕ್ಕೆ, ಯಾವ ವರ್ಷ ಬೇಕು ಎಂಬುದು. ತಂದೆ ಮಕ್ಕಳು ಕುಳಿತು ಇದನ್ನು ಒಂದು ಸಲ ಬಾಯಿಬಿಟ್ಟು ಆಡಿಕೊಂಡು ಎರಡು ಅಂಕಣದ ಪುಸ್ತಕದಲ್ಲಿ ಬರೆದಿಟ್ಟರೆ, ಡಾಲರಿಗೆ ಎಷ್ಟು ಎಂದು ದಿನವೂ ಕೇಳುವ ಅಗತ್ಯ ಮುಕ್ಕಾಲುಪಾಲು ತಪ್ಪುತ್ತದೆ. ಉಳಿದ ಕಾಲುಪಾಲು ಕುತೂಹಲ. ಅಡಕೆ ಬೆಳೆಯುವ ಸೀಮೆಯಲ್ಲಿ ಅದನ್ನು ಬಿಡಿಸಲು ಯಾರಿಂದಲೂ ಆಗದು.